ಮೂರನೇ ಮೇಜಿನ ಲೆಕ್ಕ

ಗ್ರೆಚೆನ್ ಹಾಲ್ವರ್ಸನ್ ಭಾಷಣ ಮುಗಿಸಿ ಕೂತಾಗ ಸಭೆಯಲ್ಲಿ ಒಂದಿಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದರು. ಅದನ್ನು ಕಂಡು ಅವಳಿಗೇ ಗಾಬರಿಯಾಯಿತು. ಅಷ್ಟು ಚೆನ್ನಾಗಿ ಮಾತಾಡಬೇಕೆಂದು ಅವಳು ಹೊರಟಿರಲಿಲ್ಲ.

ಪ್ರತಿ ಚುನಾವಣೆಗೆ ಮುಂಚೆ ನಮ್ಮ ಬಡಾವಣೆಯ ಜನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಸೇರಿ, ಶಾಲಾ ಮಂಡಳಿಗೆ ನಿಂತವರಲ್ಲಿ ಯಾರನ್ನು ಬೆಂಬಲಿಸಬೇಕೆಂದು ತೀರ್ಮಾನಿಸುತ್ತಾರೆ. ನೂರಕ್ಕೆ ಅರವತ್ತು ಮತ ಬಿದ್ದವರ ಹೆಸರು ಮನೆಮನೆಗೆ ಹೋಗುವ ಕರಪತ್ರದಲ್ಲಿ ಅಚ್ಚಾಗುತ್ತದೆ. ಊರಿನ ಅರ್ಧ ಜನ ಆ ಕರಪತ್ರ ಪಕ್ಕದಲ್ಲಿಟ್ಟುಕೊಂಡೇ ಮತ ಹಾಕುವವರು, ಹಾಗಾಗಿ ಇಲ್ಲಿ ಗೆದ್ದವರು ಅಲ್ಲಿಯೂ ಗೆದ್ದಂತೆಯೇ. ಕಾಫಿ, ನಿಂಬೆ ಕೇಕು, ಎಲ್ಲರ ಎದೆಯ ಮೇಲೂ ಹೆಸರಿನ ಚೀಟಿ. ನಮ್ಮೂರಿನವರಿಗೆ ನ್ಯಾಯವೆಂದರೆ ಪಂಚಪ್ರಾಣ. ಆದರೆ ಅದು ತಮ್ಮ ಮನೆ ಬಾಗಿಲಿಗೆ ಬಂದ ದಿನ ಮಾತ್ರ ಯಾರೂ ಮನೆಯಲ್ಲಿರುವುದಿಲ್ಲ.

ಈ ಸಲದ ಜಗಳವೆಲ್ಲ ಜಾಣಮಕ್ಕಳ ಶಾಲೆಯದು. ಅದಕ್ಕೆ ಸೇರಬೇಕೆಂದರೆ ಶನಿವಾರ ಬೆಳಿಗ್ಗೆ ಪರೀಕ್ಷೆ ಬರೆಯಬೇಕು. ಅದಕ್ಕೆ ಅರ್ಜಿ ಹಾಕಬೇಕೆಂಬುದು ಗೊತ್ತಿರುವ ತಂದೆತಾಯಿಯರ ಮಕ್ಕಳು ಬರೆಯುತ್ತಾರೆ, ಉಳಿದವರು ಆ ಹೊತ್ತಿಗೆ ಮನೆಯಲ್ಲಿ ಟೀವಿ ನೋಡುತ್ತಿರುತ್ತಾರೆ. ಹಾಗಾಗಿ ಗುಡ್ಡದ ಮೇಲಿನ ದೊಡ್ಡ ಮನೆಗಳಲ್ಲೆಲ್ಲ ಜಾಣಮಕ್ಕಳು, ರೈಲುಹಳಿಯ ಆಚೆಗೆ ಬೆರಳೆಣಿಕೆಯಷ್ಟು. ಇದನ್ನು ಸರಿಮಾಡುತ್ತೇನೆಂದು ವೆನೆಟಾ ಪ್ರೂಯಿಟ್ ನಿಂತಿದ್ದಳು. ಊರಿನ ಪ್ರತಿ ಮಗುವಿಗೂ ಅದರ ತರಗತಿಯಲ್ಲೇ, ಶಾಲೆಯ ದಿನವೇ ಪರೀಕ್ಷೆ. ಈಗಾಗಲೇ ಒಳಗಿರುವ ಮಕ್ಕಳಿಗೂ ಎಲ್ಲರ ಜೊತೆ ಅದೇ ಪರೀಕ್ಷೆ. ಅವಳ ಎದುರಾಳಿ ಹಾರ್ಲನ್ ಬೈರ್ಲಿ, ನಿವೃತ್ತ ಹಲ್ಲಿನ ಡಾಕ್ಟರು. ಅವನದು ಒಂದೇ ಮಾತು: ಒಳಗಿರುವ ಮಕ್ಕಳ ತಂಟೆಗೆ ಹೋಗುವುದಿಲ್ಲ.

ವೆನೆಟಾ ಗ್ರೆಚೆನ್‌ಳ ಪಕ್ಕದ ಮನೆಯವಳು, ಎಂಟು ವರ್ಷದ ಗೆಳತಿ. ಗ್ರೆಚೆನ್‌ಳ ಮಗಳು ಟೆಸ್ ಜಾಣಮಕ್ಕಳ ಶಾಲೆಯಲ್ಲಿ ಓದುತ್ತಿದ್ದಳು, ವೆನೆಟಾಳ ಮಗಳು ನಿಯಾ ಬೀದಿ ಕೊನೆಯ ಶಾಲೆಯಲ್ಲಿ. ಅದಕ್ಕೇ ವೆನೆಟಾ, "ನೀನೇ ನನ್ನ ಪರವಾಗಿ ಮಾತಾಡ್ಬೇಕು ಕಣೇ. ಒಳಗಿರೋ ಮಗುವಿನ ತಾಯಿ ಹೇಳಿದ್ರೆ ಜನ ಕೇಳ್ತಾರೆ," ಎಂದು ಬೇಡಿಕೊಂಡಿದ್ದಳು. ಗ್ರೆಚೆನ್ ಹಿಂದುಮುಂದು ನೋಡದೆ ಒಪ್ಪಿದಳು. ಇಲ್ಲವೆನ್ನಲು ಏನು ಕಾರಣ ಹೇಳುವುದು?

ಕಾರಣವೇನೋ ಇತ್ತು, ಬಾಯಿಬಿಟ್ಟು ಹೇಳುವಂಥದ್ದಲ್ಲ. ಟೆಸ್ ಶನಿವಾರದ ಪರೀಕ್ಷೆಯಲ್ಲಿ ಎರಡು ಸಲವೂ ಹಿಂದೆ ಬಿದ್ದಿದ್ದಳು. ಆಮೇಲೆ ಗುಡ್ಡದ ಮೇಲಿನ ತಾಯಂದಿರು ಪಿಸುಮಾತಿನಲ್ಲಿ ಹೆಸರು ದಾಟಿಸುವ ಒಬ್ಬ ಖಾಸಗಿ ಪರೀಕ್ಷಕಿಯ ಹತ್ತಿರ ಕರೆದೊಯ್ದು, ಬೇಸಿಗೆಯಿಡೀ ಅಭ್ಯಾಸ ಮಾಡಿಸಿ, ಆ ಪರೀಕ್ಷಕಿ ಕೊಟ್ಟ ಪತ್ರ ತೋರಿಸಿ ಸೇರಿಸಿದ್ದು. ಈಗ ಸಂಜೆಯಾದರೆ ವೆನೆಟಾಳ ಮನೆಯ ಮೆಟ್ಟಿಲ ಮೇಲೆ ಕೂತು ನಿಯಾ ಟೆಸ್‌ಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಜಾಣಮಕ್ಕಳ ಶಾಲೆಯ ಲೆಕ್ಕ! ಗ್ರೆಚೆನ್ ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡಿ ಪರದೆ ಎಳೆಯುತ್ತಿದ್ದಳು. ಎಲ್ಲರೂ ಒಟ್ಟಿಗೆ ಕೂತು ಪರೀಕ್ಷೆ ಬರೆದರೆ ಯಾರು ಒಳಗೆ, ಯಾರು ಹೊರಗೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೆತ್ತ ಮಗಳ ಬಗ್ಗೆ ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯಾಗುತ್ತಿತ್ತು, ಗೆಳತಿಯ ಮಗಳ ಬಗ್ಗೆ ಹೊಟ್ಟೆಕಿಚ್ಚುಪಟ್ಟಿದ್ದಕ್ಕೆ ಇನ್ನೂ ಹೆಚ್ಚು.

ಮತಚೀಟಿ ಕೈಗೆ ಬಂದಾಗ ಅವಳು ಅಂಗೈ ಅಡ್ಡ ಹಿಡಿದು ಹಾರ್ಲನ್‌ನ ಹೆಸರು ಬರೆದಳು. ನಾಲ್ಕಾಗಿ ಮಡಚಿದಳು. ಭಾಷಣ ಕೊಟ್ಟಾಯಿತು, ಗೆಳತಿಯ ಋಣ ತೀರಿತು, ಇದೊಂದು ಮಾತ್ರ ಟೆಸ್‌ಗಾಗಿ. ಕೋಣೆ ತುಂಬ ಜನರಿದ್ದಾರೆ, ಎಲ್ಲ ಚೀಟಿಗಳೂ ಒಂದೇ ಟೋಪಿಗೆ ಬೀಳುತ್ತವೆ, ಯಾರದು ಯಾವುದೆಂದು ದೇವರಿಗೂ ತಿಳಿಯುವುದಿಲ್ಲ ಎಂದುಕೊಂಡಳು. ಹಿಂದೆಲ್ಲ ಹಾಗೇ ನಡೆದುಕೊಂಡು ಬಂದಿತ್ತು.

ಈ ಸಲ ಅಧ್ಯಕ್ಷನಾಗಿ ಬಂದಿದ್ದ ಪಾರ್ಕರ್ ಎಂಬ ಹೊಸ ಉತ್ಸಾಹಿ, ಎಲ್ಲವೂ ಪಾರದರ್ಶಕವಾಗಿರಲಿ ಎಂದು, ಮೇಜು ಮೇಜಿಗೂ ಬೇರೆಬೇರೆ ಎಣಿಸಿ ಓದುತ್ತೇನೆಂದು ಸಭೆಯ ಶುರುವಿನಲ್ಲೇ ಸಾರಿದ್ದ. ಆ ಹೊತ್ತಿಗೆ ಗ್ರೆಚೆನ್ ಹೊರಗೆ ಮೆಟ್ಟಿಲ ಹತ್ತಿರ ನಿಂತು ಭಾಷಣ ಬಾಯಿಪಾಠ ಮಾಡುತ್ತಿದ್ದಳು. ಅವಳು ಕೂತಿದ್ದ ಮೂರನೇ ಮೇಜಿನಲ್ಲಿ ಎಂಟು ಕುರ್ಚಿಗಳಿದ್ದರೂ ಕೂತವರು ಮೂವರೇ. ಅವಳು, ಮುದುಕ ವರ್ನ್ ಸ್ಟ್ರ್ಯಾಂಡ್, ಅವನ ಹೆಂಡತಿ ಇಂಗ್ರಿಡ್. ಗಂಡಹೆಂಡತಿ ಇಬ್ಬರ ಎದೆಯ ಮೇಲೂ ಹಾರ್ಲನ್ ಹೆಸರಿನ ತಟ್ಟೆಯಷ್ಟಗಲದ ಬಿಲ್ಲೆ.

"ಒಂದನೇ ಮೇಜು," ಪಾರ್ಕರ್ ಓದಿದ. "ವೆನೆಟಾ ಐದು, ಹಾರ್ಲನ್ ಎರಡು."

ಗ್ರೆಚೆನ್‌ಗೆ ಮೊದಲು ಅರ್ಥವಾಗಲಿಲ್ಲ. ಎರಡನೇ ಮೇಜಿನ ಲೆಕ್ಕ ಓದುವಷ್ಟರಲ್ಲಿ ಅರ್ಥವಾಯಿತು. ಈಗ ಎದ್ದು ಹೋದರೆ ಎಲ್ಲರ ಕಣ್ಣಿಗೂ ಬೀಳುತ್ತಿದ್ದಳು.

"ಮೂರನೇ ಮೇಜು. ಹಾರ್ಲನ್ ಮೂರು. ವೆನೆಟಾ..." ಪಾರ್ಕರ್ ಕಾಗದ ತಿರುಗಿಸಿ ನೋಡಿದ. ಪಾಪ, ತಪ್ಪು ತನ್ನದೇ ಅಂದುಕೊಂಡ. "ಸೊನ್ನೆ."

ಕಾಫಿ ಬಗ್ಗಿಸುತ್ತಿದ್ದವರು ಕೈ ನಿಲ್ಲಿಸಿದರು. ಎಲ್ಲರೂ ತಿರುಗಿ ನೋಡಿದರು, ನೋಡಿದ್ದೇ ತಪ್ಪೆಂಬಂತೆ ಕತ್ತು ಹೊರಳಿಸಿದರು. ಹಾಗೆ ಹೊರಳಿಸಿದವರಲ್ಲಿ ಇನ್ನೆಷ್ಟು ಜನ ಅಂಗೈ ಅಡ್ಡ ಹಿಡಿದು ಬರೆದಿದ್ದರೋ. ಅವರ ಮೇಜುಗಳು ತುಂಬಿದ್ದವು, ಬಚಾವಾದರು.

ವರ್ನ್ ಮಾತ್ರ ಖುಷಿಯಾಗಿ ಅವಳ ತೋಳು ತಟ್ಟಿದ. "ಭಾಷಣ ಭಾರಿ ಚೆನ್ನಾಗಿತ್ತಮ್ಮ! ಇನ್ನೇನು ನೀನು ನನ್ನನ್ನೇ ಆ ಕಡೆಗೆ ಎಳ್ಕೊಂಡುಬಿಡ್ತಿದ್ದೆ. ನಿನ್ನ ಮೇಲೇ ಕೆಲಸ ಮಾಡ್ಲಿಲ್ಲ ನೋಡು."

"ಸುಮ್ನಿರ್ರೀ," ಇಂಗ್ರಿಡ್ ಗದರಿದಳು.

ಕೊನೆಗೆ ಕೂಡಿದಾಗ ನೂರಕ್ಕೆ ಅರವತ್ತು ಮುಟ್ಟಲು ವೆನೆಟಾಗೆ ಎರಡು ಮತ ಕಡಿಮೆ ಬಿದ್ದಿತ್ತು. ಕರಪತ್ರದಲ್ಲಿ ಅವಳ ಹೆಸರಿಲ್ಲ. ಎರಡು ಎಂದು ಕೇಳಿದ ಕೂಡಲೇ ಗ್ರೆಚೆನ್‌ಗೆ ಹೋದ ಜೀವ ಬಂದಂತಾಯಿತು. ತನ್ನದೊಂದು ಬಿದ್ದಿದ್ದರೂ ಅಷ್ಟೇ ಆಗುತ್ತಿತ್ತಲ್ಲ! ಮರುಕ್ಷಣ, ಆ ಸಮಾಧಾನಕ್ಕೆ ಜೋತುಬಿದ್ದ ತನ್ನ ಮೇಲೇ ಅವಳಿಗೆ ಹೇಸಿಗೆಯಾಯಿತು.

ವೆನೆಟಾ ಎಲ್ಲರ ಕೈ ಕುಲುಕಿ, ಹಾರ್ಲನ್‌ಗೂ ಒಳ್ಳೆಯ ಮಾತು ಹೇಳಿ, ಮಿಕ್ಕ ಕೇಕನ್ನು ಡಬ್ಬಿಗೆ ತುಂಬುತ್ತಿದ್ದಳು. ಗ್ರೆಚೆನ್ ಹತ್ತಿರ ಹೋದಳು.

"ವೆನೆಟಾ, ನಾನು..."

"ಮುಚ್ಚಳ ಕೊಡು ಅದು." ಮುಚ್ಚಳ ಒತ್ತಿ ಹಾಕಿದಳು. "ಟೆಸ್‌ದು ನಂಗೊತ್ತು ಕಣೇ. ಅವಳೇ ನಿಯಾಗೆ ಹೇಳಿದ್ಲು, ಆ ಬೇಸಿಗೆಯಲ್ಲೇ. ಪರೀಕ್ಷೆಗೆ ಮುಂಚೆ ವಾಂತಿ ಮಾಡ್ಕೊಂಡಿದ್ದೂ ಹೇಳಿದ್ಲು."

ವಾಂತಿಯ ವಿಷಯ ಗ್ರೆಚೆನ್‌ಗೇ ಗೊತ್ತಿರಲಿಲ್ಲ. "ಗೊತ್ತಿದ್ದೂ ನನ್ನನ್ನೇ ಮಾತಾಡೋಕೆ ಕೇಳಿದ್ಯಾ?"

"ಗೊತ್ತಿದ್ದಕ್ಕೇ ಕೇಳಿದ್ದು. ಯಾರಾದ್ರೂ ಒಬ್ರು ಎದ್ದು ನಿಂತು, ನಾನೂ ಹಾಗೇ ಸೇರಿಸ್ದೆ, ಇದು ಸರಿಯಿಲ್ಲ ಅಂತ ಹೇಳ್ತಾರೇನೋ ಅಂತ. ಆಗಲ್ಲ ಅಂದಿದ್ರೆ ನಂಗೇನೂ ಬೇಜಾರಾಗ್ತಿರ್ಲಿಲ್ಲ, ಮಾರಾಯ್ತಿ. ಬೇರೆಯವರನ್ನ ಕೇಳ್ತಿದ್ದೆ."

ವೆನೆಟಾ ಬಯ್ದಿದ್ದರೆ, ಕೂಗಾಡಿದ್ದರೆ, ಗ್ರೆಚೆನ್ ಹೇಗೋ ತಡೆದುಕೊಳ್ಳಬಹುದಿತ್ತು. ವೆನೆಟಾ ಕೋಟು ಹಾಕಿಕೊಂಡಳು.

ನಮ್ಮೂರಲ್ಲಿ ಚುನಾವಣೆಯ ಮತಪತ್ರ ಅಂಚೆಯಲ್ಲೇ ಮನೆಗೆ ಬರುತ್ತದೆ. ಅದು ಬಂದಾಗಲೆಲ್ಲ ಇಬ್ಬರೂ ವೆನೆಟಾಳ ಅಡುಗೆಮನೆಯಲ್ಲಿ ಕೂತು, ನಗುತ್ತಾ ಜಗಳವಾಡುತ್ತಾ, ಒಟ್ಟಿಗೇ ತುಂಬುವುದು ಅವರ ವಾಡಿಕೆ. ಬಾಗಿಲ ಹತ್ತಿರ ಹೋದ ವೆನೆಟಾ ಅದನ್ನೇ ನೆನೆಸಿಕೊಂಡಳೇನೋ, ತಿರುಗಿ ನೋಡಿದಳು.

"ಈ ಸಲ ನಿಮ್ಮನೇಲೇ ತುಂಬ್ಕೋ ಗ್ರೆಚ್. ನಿಂಗೂ ಆರಾಮ."

ಅಕ್ಟೋಬರ್‌ನಲ್ಲಿ ಮತಪತ್ರ ಬಂತು. ಕರಪತ್ರದಲ್ಲಿ ಇಲ್ಲದಿದ್ದರೂ ವೆನೆಟಾಳ ಹೆಸರು ಅದರಲ್ಲಿತ್ತು. ಗ್ರೆಚೆನ್ ಅದನ್ನು ತುಂಬಲಾರದೆ ಫ್ರಿಜ್‌ನ ಮೇಲಿಟ್ಟಳು, ಕೆಳಗಿಳಿಸಿದಳು, ಮತ್ತೆ ಮೇಲಿಟ್ಟಳು. ಕೊನೆಗೊಂದು ಭಾನುವಾರ ಗಟ್ಟಿಮನಸ್ಸು ಮಾಡಿ ಕೂತಳು. ಟೆಸ್‌ಗೆ ಏನಾದರಾಗಲಿ ಎಂದುಕೊಂಡು ವೆನೆಟಾಳ ಹೆಸರಿನ ಮುಂದೆ ಮತದ ಗುರುತಿಗೆಂದು ಬಿಟ್ಟ ಖಾಲಿ ಗೋಲಕ್ಕೆ ಕಪ್ಪು ಶಾಯಿ ತುಂಬಿದಳು. ತುಂಬಿದ್ದನ್ನೇ ಮತ್ತೆ ತಿದ್ದಿ ಕಪ್ಪಾಗಿಸಿದಳು. ಎದೆ ಹಗುರಾಯಿತು. ಆ ಹಗುರದಲ್ಲೇ ಫೋನು ತೆಗೆದು, ಗೋಲ ಚೆನ್ನಾಗಿ ಕಾಣುವಂತೆ ಒಂದು ಫೋಟೋ ಹಿಡಿದು, ಪಕ್ಕದ ಮನೆಗೆ ಕಳಿಸಿಬಿಟ್ಟಳು.

ಬೇಲಿಯಾಚೆ ವೆನೆಟಾ ಒಣಗಿದೆಲೆ ಗುಡಿಸುತ್ತಿದ್ದಳು. ಪೊರಕೆ ನಿಲ್ಲಿಸಿ, ಜೇಬಿನಿಂದ ಫೋನು ತೆಗೆದು ನೋಡಿದ್ದು ಕಿಟಕಿಯಿಂದ ಕಂಡಿತು. ಈ ಕಡೆ ಕತ್ತೆತ್ತಲಿಲ್ಲ. ಏನೋ ಒತ್ತಿ, ಫೋನನ್ನು ಜೇಬಿಗಿಟ್ಟು, ಮತ್ತೆ ಗುಡಿಸತೊಡಗಿದಳು.

ಉತ್ತರ ಬಂದಿತ್ತು. "ನಾನು ಕೇಳಿರ್ಲಿಲ್ಲ."

ಗ್ರೆಚೆನ್ ಮೇಜಿನ ಮೇಲಿದ್ದ ಮತಪತ್ರವನ್ನು ನೋಡಿದಳು. ಆ ಗೋಲವನ್ನು ತುಂಬಿದ್ದು ವೆನೆಟಾಗೋ ಫೋಟೋಗೋ ಎಂದು ಈಗ ಅವಳಿಗೇ ಹೇಳಲಾಗಲಿಲ್ಲ. ನಾಚಿಕೆಯಿಂದ ಕಿವಿ, ಕತ್ತು ಎಲ್ಲ ಬಿಸಿಯೇರಿತು. ಮನೆಯಲ್ಲಿ ಯಾರೂ ನೋಡುತ್ತಿರಲಿಲ್ಲ. ಆದರೂ ಅಂಗೈ ಅಡ್ಡ ಹಿಡಿದೇ ಅದನ್ನು ಮಡಚಿ, ಲಕೋಟೆಗೆ ಹಾಕಿ ಅಂಟಿಸಿದಳು.