ಅಣ್ಣ ಹಾಕಿದ ಲಾಕರ್

ನನ್ನ ಜೀಪಿನ ಮುಂದಿನ ಆಕ್ಸಲ್‌ಗೆ ಯಾವ ಲಾಕರ್ ಹಾಕಿಸಬೇಕೆಂದು ಮೂರು ವಾರ ತಲೆ ಕೆಡಿಸಿಕೊಂಡೆ. ನಾನು ದನದ ಡಾಕ್ಟರು. ಕರು ಅಡ್ಡ ಸಿಕ್ಕಿಕೊಂಡಿದೆ ಎಂದು ಗುಡ್ಡದ ಮೇಲಿಂದ ಫೋನ್ ಬಂದರೆ ಕೆಸರಿದೆ ಎಂದು ಮನೆಯಲ್ಲಿ ಕೂರಲಾಗುವುದಿಲ್ಲ. ಚಕ್ರಗಳನ್ನು ಒಂದಕ್ಕೊಂದು ಬಿಗಿಯುವ ಈ ಲಾಕರ್ ಇದ್ದರೆ ಎರಡೂ ಚಕ್ರ ಒಂದೇ ಸಮ ತಿರುಗಿ ಗಾಡಿ ಕೆಸರಿನಿಂದ ಎದ್ದು ಬರುತ್ತದೆ. ಆದರೆ ತಿರುವಿನಲ್ಲಿ ಅದೇ ಲಾಕರ್ ಸ್ಟೇರಿಂಗನ್ನು ಕೈಯಿಂದ ಕಿತ್ತುಕೊಳ್ಳುತ್ತದೆ. ನನ್ನ ಎಡ ಮಣಿಕಟ್ಟು ಒಮ್ಮೆ ಮುರಿದು ಕೂಡಿದ್ದು. ಮೇಲಾಗಿ ಇದು ದಿನಾ ಓಡಿಸುವ ಗಾಡಿ. ಹಾಗಾಗಿ, ತಾನಾಗಿ ಬಿಗಿಯುವ ಲಾಕರ್ ಬೇಡವೇ ಬೇಡ, ಸ್ವಿಚ್ ಒತ್ತಿದಾಗ ಮಾತ್ರ ಬಿಗಿಯುವುದನ್ನು ಹಾಕು ಎಂದು ಮೆಕ್ಯಾನಿಕ್‌ಗೆ ಹೇಳಿದೆ. ಮೆಕ್ಯಾನಿಕ್ ಬೇರೆ ಯಾರೂ ಅಲ್ಲ, ನನ್ನ ಒಡಹುಟ್ಟಿದ ಅಣ್ಣ.

"ನನಗೇ ಪಾಠ ಹೇಳ್ತೀಯಾ? ಹೋಗು, ನಿನ್ನ ಎಮ್ಮೆ ನೋಡ್ಕೋ" ಎಂದು ನಕ್ಕ. ಮೂರನೇ ದಿನ ಡ್ಯಾಶ್‌ಬೋರ್ಡಿನಲ್ಲಿ ಸ್ವಿಚ್ ಕೂತಿತ್ತು. ಒತ್ತಿದರೆ ಕೆಂಪು ದೀಪ.

ಸ್ವಿಚ್ ಮುಟ್ಟದಿದ್ದರೂ ಗುಡ್ಡದ ತಿರುವಿನಲ್ಲಿ ಸ್ಟೇರಿಂಗ್ ಎಳೆಯತೊಡಗಿತು. ಅಣ್ಣ ಒಂದು ಸುತ್ತು ಓಡಿಸಿ ಬಂದ. "ಗಾಡಿ ಬೆಣ್ಣೆ ಥರ ಇದೆ ಕಣೇ. ನಿನ್ನ ಕೈಯಲ್ಲೇ ಬಲ ಇಲ್ಲ. ಗುಡ್ಡ ಹತ್ತೋದು ಬಿಟ್ಟು ಆಸ್ಪತ್ರೇಲೇ ಕೂತ್ಕೋ."

ನಂಬಿದೆ, ಪೆದ್ದಿ! ಆರು ತಿಂಗಳು ರಬ್ಬರ್ ಚೆಂಡು ಹಿಸುಕಿದೆ. ಒಂದು ದಿನ ತಿರುವಿನಲ್ಲಿ ಗಾಡಿ ಚರಂಡಿಗಿಳಿದು, ನಾನು ತಲುಪುವಷ್ಟರಲ್ಲಿ ಕರು ಹಾಕಲಾಗದೆ ಒದ್ದಾಡುತ್ತಿದ್ದ ಹಸು ಸತ್ತಿತ್ತು. ನಾನೇ ನನ್ನ ಕೈಗೆ ಹಿಡಿಶಾಪ ಹಾಕಿದೆ. ಗುಡ್ಡದ ಕೆಲಸ ಬೇರೆಯವರಿಗೆ ಕೊಡಿ ಎಂದು ಅರ್ಜಿಯನ್ನೂ ಬರೆದೆ.

ಆ ವಾರ, ಆರೇ ತಿಂಗಳಿಗೆ ಸವೆದ ಮುಂದಿನ ಟೈರು ಬದಲಿಸಲು ಹೋದೆ. ಟೈರ್ ಅಂಗಡಿಯವರು ಮುಂಭಾಗ ಎತ್ತಿ ಎಡಚಕ್ರ ತಿರುಗಿಸಿದರು. ಬಲಚಕ್ರವೂ ಅದೇ ದಿಕ್ಕಿಗೆ ತಿರುಗಿತು.

"ಲಾಕರ್ ಆಫ್ ಮಾಡಿ ಮೇಡಂ."

"ಆಫೇ ಇದೆಯಲ್ಲ."

"ಹಾಗಾದ್ರೆ ಆ ಚಕ್ರ ಹಿಂದಕ್ಕೆ ತಿರುಗ್ಬೇಕಿತ್ತು. ಇದು ತಾನಾಗೇ ಬಿಗಿಯೋ ಲಾಕರ್."

ಅವರು ಸ್ವಿಚ್ಚಿನ ತಂತಿಯನ್ನು ಹಿಡಿದು ನೋಡಿದರು. ಅದು ಕೆಂಪು ದೀಪದ ತನಕ ಹೋಗಿ ಅಲ್ಲಿಗೇ ಮುಗಿದಿತ್ತು. ಗಾಡಿ ಕೆಳಗಿಳಿಸಲು ಹೇಳಿ ನೇರ ಅಣ್ಣನಲ್ಲಿಗೆ ಹೊರಟೆ.

ಅಣ್ಣ ಗ್ಯಾರೇಜಿನಲ್ಲಿ ಕೆಸರು ರೇಸಿನ ತನ್ನ ಗಾಡಿ ತೊಳೆಯುತ್ತಿದ್ದ. "ನನ್ನ ಲಾಕರ್ ಎಲ್ಲಿ?" ಎಂದೆ. ಅವನ ಕಣ್ಣು ತಾನಾಗಿ ಆ ಗಾಡಿಯ ಮುಂದಿನ ಆಕ್ಸಲ್ ಕಡೆ ಹೋಯಿತು.

"ನನ್ನ ಹಳೇದನ್ನ ನಿನಗೆ ಹಾಕ್ದೆ. ಒಂದೇ ಸೀಸನ್‌ಗೆ ಅಂದ್ಕೊಂಡಿದ್ದೆ. ನಾಳೆನೇ ಬದಲಾಯಿಸ್ತೀನಿ, ಅಮ್ಮಂಗೆ ಹೇಳ್ಬೇಡ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಲಾಕರ್ ಹಾಳಾಗಿ ಹೋಗ್ಲಿ! ನನ್ನ ಕೈಯಲ್ಲಿ ಬಲ ಇಲ್ಲ ಅಂದ್ಯಲ್ಲ, ಹೇಳೋಕೆ ಬಾಯಾದ್ರೂ ಹೇಗೆ ಬಂತು? ಕೆಲಸಾನೇ ಬಿಡೋಳಿದ್ದೆ ನಾನು!"

"ಏನೋ ಒಂದು ಹೇಳ್ಬೇಕಿತ್ತು, ಹೇಳ್ದೆ. ನಾನು ಹೇಳಿದ್ರೆ ನೀನು ನಂಬ್ತೀಯ ಅಂತ ಗೊತ್ತಿತ್ತು."

ಅವನು ಕೀಗಾಗಿ ಕೈ ಚಾಚಿದ. ಕೊಡಲಿಲ್ಲ. ಎಳೆಯುವ ಆ ಸ್ಟೇರಿಂಗನ್ನು ಹಿಡಿದು ನಾನೇ ಓಡಿಸಿಕೊಂಡು ಹೊರಟೆ. ಊರಿನಲ್ಲಿ ಗ್ಯಾರೇಜು ಇನ್ನೂ ನಾಲ್ಕಿವೆ. ನನಗಿದ್ದ ಅಣ್ಣ ಒಬ್ಬನೇ.