ಇವಳ ದನಿ, ನಿಜವಾಗ್ಲೂ ಕೊನೇದು

೧

ಕಥೆಯನ್ನು ಎಲ್ಲಿಂದ ಶುರು ಮಾಡಲಿ ಎಂದು ನಾನು ತಲೆ ಕೆರೆದುಕೊಳ್ಳುತ್ತಿರುವಾಗ ಕಂಪ್ಯೂಟರೇ ಮೊದಲ ವಾಕ್ಯ ಬರೆದುಬಿಟ್ಟಿತು: ‘ಧ್ವನಿ ಸೇವೆ ನಿಂತುಹೋಗಿದೆ.’ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಈ ಜನ್ಮದಲ್ಲಿ ಹೊಳೆದಿಲ್ಲ. ಹೊಟ್ಟೆಕಿಚ್ಚಾಯಿತು.

(ಓದುಗರೇ, ‘ಸೇವೆ’ ಎಂದರೆ ಗಾಬರಿ ಬೇಡ. ತೆರೆಯ ಮೇಲೆ ಮುಖ ತೋರಿಸದೆ ಹಿಂದೆಯೇ ದುಡಿಯುವ ಪ್ರೋಗ್ರಾಂ ಅದು. ಮನೆಯಲ್ಲಿ ಪಾತ್ರೆ ತೊಳೆಯುವವರ ಹಾಗೆ. ನಿಂತಾಗಲೇ ಇತ್ತೆಂದು ಗೊತ್ತಾಗುವುದು.)

೨

ಮೊದಲ ಕರಡು ಹೀಗಿತ್ತು:

“ನನ್ನ ದನಿ ಎಲ್ಲಿ ಹೋಯ್ತೇ?” ಎಂದು ಅಕ್ಕ ಕೇಳಿದಳು.

ಅಕ್ಕ ನನ್ನ ಬೆನ್ನ ಹಿಂದೆ ನಿಂತು ಓದಿದಳು. ಸ್ಲೇಟು ಎತ್ತಿಕೊಂಡು ಬರೆದಳು: ಕೇಳಿದ್ನಾ? ಯಾವ ಬಾಯಲ್ಲಿ?

ಸರಿ ತಾಯಿ, ಅಳಿಸಿದೆ. ಇದ್ದದ್ದು ಇದ್ದಹಾಗೆ ಹೇಳುತ್ತೇನೆ. ಗಂಟಲಿನ ಆಪರೇಷನ್ ಆದಮೇಲೆ ಅಕ್ಕನಿಗೆ ದನಿಯಿಲ್ಲ. ಅದಕ್ಕೆ ಮೊದಲೇ ಅವಳು ಕೂತು ರಾಶಿ ರಾಶಿ ವಾಕ್ಯಗಳನ್ನು ಓದಿ ರೆಕಾರ್ಡ್ ಮಾಡಿದ್ದಳು. ಈಗ ಅವಳು ಟೈಪ್ ಮಾಡಿದ್ದನ್ನು ಈ ಕಂಪ್ಯೂಟರು ಅವಳದೇ ದನಿಯಲ್ಲಿ ಹೇಳುತ್ತದೆ. ಹೇಳುತ್ತಿತ್ತು. ನಿನ್ನೆ ಒಂದು ಅಪ್‌ಡೇಟ್ ಅರ್ಧಕ್ಕೆ ನಿಂತಿತು, ಜೊತೆಗೆ ದನಿಯೂ ನಿಂತಿತು. ಮನೆಯಲ್ಲಿರುವುದು ಇದೊಂದೇ ಕಂಪ್ಯೂಟರು. ಕಥೆ ಬರೆಯುತ್ತಿರುವುದೂ ಇದರಲ್ಲೇ.

ದನಿ ಬರುವವರೆಗೆ ಅಕ್ಕನಿಗೆ ಉದ್ಧರಣ ಚಿಹ್ನೆ ಕೊಡುವಂತಿಲ್ಲ. ಅವಳದೇ ಷರತ್ತು.

೩

ಎರಡನೆಯ ಕರಡಿನಲ್ಲಿ ನಾನು ಮಹಾ ಧೀರೆ. ಸೇವೆಯನ್ನು ಮತ್ತೆ ಶುರು ಮಾಡಿದೆ. ಎದ್ದಿತು, ಆಕಳಿಸಿತು, ಬಿದ್ದಿತು. ಅಪ್‌ಡೇಟನ್ನು ನಿಲ್ಲಿಸಿ ಮತ್ತೆ ಓಡಿಸಿದೆ. ‘ದಯವಿಟ್ಟು ಕಾಯಿರಿ’ ಎಂದಿತು. ಭಾವ ನಿಜವಾಗಿಯೂ ಕುರ್ಚಿ ಎಳೆದುಕೊಂಡು ಕಾಯುತ್ತ ಕೂತರು. ಕೊನೆಗೆ ಕಂಪ್ಯೂಟರ್ ರಿಪೇರಿಯವಳಿಗೆ ಫೋನ್ ಮಾಡಿದೆ.

“ಫಾರ್ಮ್ಯಾಟ್ ಮಾಡ್ಬಿಡೋಣ ಮೇಡಂ. ಎಲ್ಲಾ ಅಳಿಸಿ ಹೊಸದಾಗಿ ಹಾಕ್ಕೊಡ್ತೀನಿ.”

“ಎಲ್ಲಾ ಅಂದ್ರೆ?”

“ಎಲ್ಲಾ ಅಂದ್ರೆ ಎಲ್ಲಾ.”

ಭಾವನ ಮುಖ ಬಿಳಿಚಿಕೊಂಡಿತು. “ಬೇಡ ಅನ್ನು. ಕೈ ಹಚ್ಚೋದೇ ಬೇಡ ಅನ್ನು.”

(ಭಾವನನ್ನು ಹಾಸ್ಯಕ್ಕೆಂದು ಕಥೆಯೊಳಗೆ ತಂದಿದ್ದೆ. ಅವರು ನನ್ನ ಮಾತು ಕೇಳುತ್ತಿಲ್ಲ.)

೪

ಮೂರನೆಯ ಕರಡನ್ನು ಸೇವ್ ಮಾಡಲು ಹೋದರೆ ಉತ್ತರ ಬಂತು: ‘ಜಾಗವಿಲ್ಲ.’ ನನ್ನ ಬರವಣಿಗೆಯ ವಿಮರ್ಶೆಯೇ ಇರಬೇಕೆಂದುಕೊಂಡೆ. ಆಮೇಲೆ ತಲೆಯೊಳಗೆ ಹುಳ ಹೊಕ್ಕಿತು. ಗಂಡ ಹೆಂಡತಿ ಇಬ್ಬರ ಮನೆಯ ಕಂಪ್ಯೂಟರಿನಲ್ಲಿ ಜಾಗ ತುಂಬುವಂಥದ್ದು ಏನಿದೆ ಮಹಾ?

ಹುಡುಕಿದೆ. ‘ಇವಳ ದನಿ.’ ‘ಇವಳ ದನಿ ಹೊಸದು.’ ‘ಇವಳ ದನಿ ಕೊನೇದು.’ ‘ಇವಳ ದನಿ ನಿಜವಾಗ್ಲೂ ಕೊನೇದು.’ ‘ಇವಳ ದನಿ ಯಾರೂ ಮುಟ್ಟಬೇಡಿ.’ ಮನೆ ಬಾಡಿಗೆಯ ಫೋಲ್ಡರಿನಲ್ಲೂ ಇವಳ ದನಿ, ಹಲ್ಲಿನ ಎಕ್ಸ್‌ರೇ ಇಟ್ಟಲ್ಲೂ ಇವಳ ದನಿ.

“ಭಾವ, ಏನಿದು?”

“ಒಂದು ಹೋದ್ರೆ ಇನ್ನೊಂದಿರ್ಲಿ ಅಂತ.”

“ಅಯ್ಯೋ, ಎಲ್ಲಾನೂ ಇದೇ ಡಬ್ಬದಲ್ಲಿ ತುಂಬಿದ್ದೀರಲ್ಲ! ಡಬ್ಬಾನೇ ಕೆಟ್ರೆ? ಒಂದು ಪೆನ್‌ಡ್ರೈವಿಗೆ ಹಾಕೋದಲ್ವಾ?”

“ಪೆನ್‌ಡ್ರೈವಾ? ಬೆರಳುದ್ದ ಇಲ್ಲ ಅದು. ಮೂಗಿನ ಮೇಲಿರೋ ಕನ್ನಡಕಾನೇ ದಿನಾ ಹುಡುಕ್ತೀನಿ ನಾನು. ಇವಳ ದನೀನ ಅದ್ರಲ್ಲಿಟ್ಟು ಕಳ್ಕೊಳ್ಲಾ?”

ಬೈಯಲು ಬಾಯಿ ತೆರೆದವಳು ಬೈಯದೆ ರಿಪೇರಿಯವಳಿಗೆ ಮತ್ತೆ ಫೋನ್ ಮಾಡಿ ವಿಷಯ ಹೇಳಿದೆ. ಅವಳು ನಕ್ಕಳು. “ಅದಕ್ಕೇ ಮತ್ತೆ! ಕೈಕಾಲು ಚಾಚೋಕೂ ಜಾಗ ಇಲ್ದೆ ಅಪ್‌ಡೇಟ್ ಹೇಗೆ ಮುಗಿಯತ್ತೆ, ಸೇವೆ ಹೇಗೆ ಏಳತ್ತೆ? ಒಂದನ್ನ ಪೆನ್‌ಡ್ರೈವಿಗೆ ಹಾಕಿ. ಒಂದನ್ನ ಅಲ್ಲೇ ಬಿಡಿ. ಮಿಕ್ಕಿದ್ದೆಲ್ಲಾ ಕಸದ ಬುಟ್ಟಿಗೆ.”

“ಕಸದ ಬುಟ್ಟಿಗಾ?” ಭಾವ ಎದ್ದು ನಿಂತರು. “ಇವಳ ದನೀನಾ?”

೫

ಇಲ್ಲಿ ಕಥೆ ಅಪ್‌ಡೇಟಿನ ಹಾಗೆಯೇ ಸಿಕ್ಕಿಕೊಂಡಿತು. ಭಾವ ಒಪ್ಪಿಕೊಂಡರು ಎಂದು ನಾನೇ ಒಂದು ಸಾಲು ಬರೆದು ನೋಡಿದೆ. ಓದಿ, “ನಾನೆಲ್ಲಿ ಒಪ್ದೆ?” ಎಂದರು.

“ನೀವು ಒಪ್ಪದಿದ್ರೆ ಕಥೆ ಮುಂದೆ ಹೋಗಲ್ಲ ಭಾವ.”

“ಹೋಗದಿದ್ರೆ ಅಲ್ಲೇ ಬಿದ್ದಿರ್ಲಿ ಬಿಡು. ಯಾರು ಕಾಯ್ತಿದ್ದಾರೆ ನಿನ್ನ ಕಥೆಗೆ?”

(ನೀವು ಕಾಯುತ್ತಿದ್ದೀರಿ ಎಂದು ಹೇಳಬೇಕೆನಿಸಿತು. ಧೈರ್ಯ ಸಾಲಲಿಲ್ಲ.)

ಅಕ್ಕ ಸ್ಲೇಟನ್ನು ಅವರ ಮೂಗಿನ ಮುಂದೆ ಹಿಡಿದಳು: ಕೂಡಿಟ್ಟಿದ್ದು ಸಾಕು ರೀ. ನಂಗೆ ಮಾತಾಡ್ಬೇಕು.

ಭಾವ ಅದನ್ನು ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಒಳಗೆ ಹೋಗಿ ಒಂದು ಪೆನ್‌ಡ್ರೈವನ್ನೂ ತಮ್ಮ ಬೂಟಿನ ಲೇಸನ್ನೂ ತಂದರು. ‘ನಿಜವಾಗ್ಲೂ ಕೊನೇದು’ ಅದರೊಳಗೆ ಹೋದ ಮೇಲೆ ಲೇಸಿಗೆ ಪೋಣಿಸಿ ಕೊರಳಿಗೆ ಹಾಕಿಕೊಂಡರು. ಮಿಕ್ಕಿದ್ದನ್ನು ಅಳಿಸಿದವಳು ಅಕ್ಕ. ಒಂದೊಂದು ಹೋದಾಗಲೂ ಭಾವನ ಕೈ ಎದೆಗೆ ಹೋಗಿ ಪೆನ್‌ಡ್ರೈವನ್ನು ಮುಟ್ಟಿ ನೋಡುತ್ತಿತ್ತು. ನನಗೆ ಅಳು ಬಂತು, ಅದನ್ನೂ ಬರೆದಿದ್ದೇನೆ.

೬

ಅಪ್‌ಡೇಟ್ ಮಿಸುಕಾಡಿತು. ಮುಗಿಯಿತು. ಕಂಪ್ಯೂಟರು ಆರಿ ಮತ್ತೆ ಹೊತ್ತಿಕೊಂಡಿತು. ‘ಧ್ವನಿ ಸೇವೆ ಶುರುವಾಗುತ್ತಿದೆ.’ ಶುರುವಾಗುತ್ತಿದೆ ಎಂದರೆ ಶುರುವಾಯಿತು ಎಂದಲ್ಲ. ಮೊದಲ ಸಲವೂ ಎದ್ದ ಮೇಲೇ ಬಿದ್ದಿತ್ತು. ಅಂತ್ಯಗಳನ್ನು ಮಾತ್ರ ನಾನು ಸಿದ್ಧ ಮಾಡಿಟ್ಟಿದ್ದೇನೆ, ಆರಿಸಿಕೊಳ್ಳಿ:

ಅ) ಸೇವೆ ಏಳುತ್ತದೆ. ಅಕ್ಕನ ಮೊದಲ ಮಾತು: “ಊಟ ಆಯ್ತಾ?” (ತೀರಾ ಸಪ್ಪೆ.)

ಆ) ಸೇವೆ ಏಳುತ್ತದೆ. “ನಿಮ್ಮನ್ನ ಬಿಟ್ರೆ ನಂಗ್ಯಾರಿದ್ದಾರೆ ರೀ?” (ಭಾವ ಕೆಮ್ಮಿದರು. ಅಕ್ಕ ಹಣೆ ಚಚ್ಚಿಕೊಂಡಳು.)

ಇ) ಸೇವೆ ಮತ್ತೆ ಬೀಳುತ್ತದೆ. (ಇದನ್ನು ಮುಂದುವರಿಸಲು ಕೈ ಬರಲಿಲ್ಲ.)

ಸ್ಲೇಟಿನ ಮೂಲೆ ನನ್ನ ಭುಜಕ್ಕೆ ತಿವಿಯಿತು: ನನ್ನ ಮಾತನ್ನ ಮತ್ತೆ ನೀನೇ ಆಡ್ತಿದ್ದೀಯಲ್ಲೇ. ಏಳು. ಕೀಬೋರ್ಡ್ ಬೇಕು.

“ಏನು ಹೇಳ್ತೀಯೇ ಅಕ್ಕಾ?”

ಅವಳು ಸ್ಲೇಟನ್ನು ಸೆರಗಿನಿಂದ ಒರೆಸಿ ಭಾವನ ಕೈಗೆ ಕೊಟ್ಟುಬಿಟ್ಟಳು.

ದನಿ ಬರುತ್ತದೋ ಇಲ್ಲವೋ, ಬಂದರೆ ಏನು ಹೇಳುತ್ತಾಳೋ, ನಿಮ್ಮಷ್ಟೇ ಕುತೂಹಲ ನನಗೂ ಇದೆ. ಆದರೆ ಇರುವ ಕೀಬೋರ್ಡು ಒಂದೇ. ಅವಳಿಗೆ ಕೊಡದೆ ಇಟ್ಟುಕೊಂಡಿದ್ದ ಉದ್ಧರಣ ಚಿಹ್ನೆಯನ್ನು ತೆರೆದಿಟ್ಟು ಏಳುತ್ತಿದ್ದೇನೆ. ಮುಚ್ಚುವುದು ಅವಳಿಗೆ ಬಿಟ್ಟದ್ದು.

“