ಒಂಬತ್ತರ ಒತ್ತು

ರುದ್ರಮುನಿಯ ಹಿಟ್ಟಿನ ಗಿರಣಿಯ ಅಟ್ಟದಲ್ಲಿ ನಮ್ಮ ಸರ್ವರ್ ಮೈತುಂಬ ಬಿಳಿ ಬಳಿದುಕೊಂಡು ಕೂತಿರುತ್ತಿತ್ತು. ‘ಹರಟೆಕಟ್ಟೆ’ ಎಂಬ ನಮ್ಮ ತಾಣಕ್ಕೆ ಹಿಟ್ಸ್‌ಗಿಂತ ಹಿಟ್ಟೇ ಹೆಚ್ಚು ಬೀಳುತ್ತಿದ್ದ ಕಾಲ ಅದು. ನಾನು ಆಗಾಗ ಬ್ರಷ್ಷು ಹಿಡಿದು ಅದರ ಫ್ಯಾನು ಗುಡಿಸುತ್ತಿದ್ದೆ. ಕಟ್ಟೆಯಲ್ಲಿ ಗಾದೆಯಿಂದ ಗೊಜ್ಜಿನವರೆಗೆ ಎಲ್ಲದಕ್ಕೂ ಜಗಳ. ಎಲ್ಲ ಜಗಳದಲ್ಲೂ ಕೊನೆಯ ಮಾತು ‘ಕರ್ಣಕಠೋರೆ’ ಎಂಬ ಹೆಸರಿನವರದು. ಅವರು ನಮಗೆ ಗಣಿತ ಕಲಿಸಿದ ಚೂಡಾಮಣಿ ಮೇಡಂ ಎಂದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಅವರು ಬರೆದದ್ದನ್ನು ನಾನು ಅವರದೇ ದನಿಯಲ್ಲಿ, ಮೂಗೇರಿಸಿ ಓದಿದರೆ ಕೆಳಗೆ ಗಿರಣಿಗೆ ಬಂದವರೂ ಬೆನ್ನು ನೆಟ್ಟಗೆ ಮಾಡುತ್ತಿದ್ದರು.

ಯಂತ್ರಕ್ಕೆ ವಯಸ್ಸಾಗಿತ್ತು. ತಂತ್ರಾಂಶಕ್ಕೆ ಇನ್ನೂ ಹೆಚ್ಚು. ಅದರ ಬಿರುಕುಗಳಲ್ಲಿ ಕಳ್ಳ ಜಾಹೀರಾತುಗಳು ತಿಗಣೆಗಳಂತೆ ಸೇರಿಕೊಂಡಿದ್ದವು. ಬೇರೆ ಯಂತ್ರ ತಂದು, ಹೊಸ ತಂತ್ರಾಂಶ ಹಾಕಿ, ಹಳೆಯ ಹರಟೆಯನ್ನೆಲ್ಲ ಅದಕ್ಕೆ ಸಾಗಿಸಿದೆವು. ಒಮ್ಮೆ ಆಫ್ ಮಾಡಿದ ಹಳೆಯ ಯಂತ್ರ ಮತ್ತೆ ಏಳಲೇ ಇಲ್ಲ.

ಮರುದಿನ ನೋಡಿದರೆ ಕಟ್ಟೆಯ ತುಂಬ ಒಂಬತ್ತು. ‘ಧಮ9’, ‘ಅಥ9’, ‘ಮಯಾ9ದೆ’.

“ಅರ್ಥಾನೇ ಹೋಯ್ತಲ್ಲೋ!” ಎಂದ ರುದ್ರಮುನಿ.

“ನವರಸ ಅನ್ಕೋ.”

ಅರ್ಕಾವತ್ತನ್ನು ಮೂಡಿಸಲು ತಿಳಿಯದ ನಮ್ಮ ಸದಸ್ಯರು, ನೋಡಲು ಅದರಂತೆಯೇ ಇರುವ ಕನ್ನಡದ ಒಂಬತ್ತನ್ನು, ೯ ಅನ್ನು, ಅಕ್ಷರದ ಪಕ್ಕ ಕೂರಿಸಿಬಿಡುತ್ತಿದ್ದರು. ಹೊಸ ತಂತ್ರಾಂಶ ಕನ್ನಡದ ಅಂಕಿಗಳನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಗುಟ್ಟು ರಟ್ಟು ಮಾಡಿತ್ತು.

ಎಲ್ಲರೂ ನಕ್ಕರು. ಕರ್ಣಕಠೋರೆಯದು ಮಾತ್ರ ಸದ್ದಿಲ್ಲ. “ಏನಪ್ಪಾ, ಅಮ್ಮಾವ್ರದು ಮೌನವ್ರತಾನಾ?” ಎಂದು ಯಾರೋ ಬರೆದರು. ಅನುಮಾನ ಬಂದು ಹುಡುಕಿದರೆ ಅವರ ಹೆಸರೇ ‘ಕಣ9ಕಠೋರೆ’ ಆಗಿತ್ತು. ಅವರು ಒತ್ತುತ್ತಿದ್ದುದು ೯, ಒಳಗಿದ್ದುದು 9. ಲಾಗಿನ್ ಬಾಗಿಲಿಗೆ ಅವರ ಗುರುತೇ ಸಿಗುತ್ತಿರಲಿಲ್ಲ.

ಇಬ್ಬರೂ ಅವರ ಮನೆಗೆ ಹೋದೆವು. ಬಾಗಿಲು ತೆರೆದ ಮೇಡಂ ಕತ್ತಿಗೆ ಹತ್ತಿಯ ವಸ್ತ್ರ ಸುತ್ತಿಕೊಂಡಿದ್ದರು.

“ಹೇಗಿದ್ದೀರಿ ಮೇಡಂ?” ಎಂದೆ.

ಅವರು ಒಳಗಿಂದ ಸ್ಲೇಟು ತಂದು ಬರೆದರು: ‘ಗಂಟಲಿನ ಆಪರೇಷನ್. ದನಿ ಹೋಗಿ ಬಹಳ ದಿನವಾಯ್ತು.’ ಸೆರಗಿನಿಂದ ಒರೆಸಿ ಮತ್ತೆ ಬರೆದರು: ‘ಜಗಳ ಆಡೋಕೆ ಇದ್ದದ್ದು ನಿಮ್ಮ ಕಟ್ಟೆ ಒಂದೇ. ಅದಕ್ಕೂ ಬೀಗ ಹಾಕಿದ್ರಿ.’

ಅಟ್ಟದಲ್ಲಿ ನಾನು ಅನುಕರಿಸುತ್ತಿದ್ದ ದನಿ ಈಗ ನನ್ನ ಗಂಟಲನ್ನು ಬಿಟ್ಟು ಇನ್ನೆಲ್ಲೂ ಇರಲಿಲ್ಲ.

ರುದ್ರಮುನಿ ಸಾವರಿಸಿಕೊಂಡ. “ಒಂಬತ್ತು ಬಿಟ್ಟು ಸರಿಯಾದ ಅರ್ಕಾವತ್ತು ಹಾಕಿದ್ರೆ ಆಯ್ತು ಮೇಡಂ. ಮೊದಲು ‘ರ’ ಒತ್ಬೇಕು, ಆಮೇಲೆ...”

ಸ್ಲೇಟು ಅವನ ಮೂಗಿನ ಹತ್ತಿರ ಬಂತು: ‘ಕೈಯಲ್ಲಿ ಬರೆಯೋವಾಗ ಅದು ಆಮೇಲೇ ಬರೋದು. ನಾನು ಹಾಗೇ ಒತ್ತೋದು. ತಪ್ಪು ನಿಮ್ಮ ಯಂತ್ರದ್ದು.’

ಬೀದಿಗೆ ಬಂದ ಮೇಲೆ ಅವನು ಗೊಣಗಿದ. “ಒಬ್ಬರಿಗೋಸ್ಕರ ಬಾಗಿಲನ್ನೇ ಕಿತ್ತು ಬೇರೆ ಕೂರಿಸೋಕಾಗುತ್ತೇನೋ?”

“ಸರ್ವರಿಗೂ ತೆರೀದೇ ಇದ್ರೆ ಅದೆಂಥ ಸರ್ವರ್ರೋ?”

“ನಿನ್ನ ಶ್ಲೇಷೆಗಿಷ್ಟು ಬೆಂಕಿ ಹಾಕ! ನಡಿ, ಕಿತ್ತೇ ಕೂರಿಸೋಣ.”

ಅಕ್ಷರಕ್ಕೆ ಅಂಟಿದ್ದರೆ ಅರ್ಕಾವತ್ತು, ಇಲ್ಲದಿದ್ದರೆ ಒಂಬತ್ತು ಎಂದು ನಿಯಮ ಬರೆದೆವು. ‘ಪುಟ9’ ಎಂದು ಅಂಟಿಸಿ ಬರೆದಿದ್ದವರ ಒಂಬತ್ತನೇ ಪುಟ ‘ಪುರ್ಟ’ವಾಯಿತು. ಅಂಥವನ್ನು ಕಣ್ಣಲ್ಲೇ ಆರಿಸಬೇಕಾಯಿತು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಹೊಸ ಯಂತ್ರವೂ ಬೆಳ್ಳಗಾಯಿತು, ನಮ್ಮ ಹುಬ್ಬೂ ಬೆಳ್ಳಗಾಯಿತು. ಬೇಸತ್ತಾಗ ರುದ್ರಮುನಿಯೇ “ಇನ್ನೊಂದು ಪುಟ” ಎನ್ನುತ್ತಿದ್ದ. ಕೊನೆಗೆ ಬಾಗಿಲಿಗೂ ಪಾಠ ಹೇಳಿಕೊಟ್ಟೆವು: ಹೆಸರಿನಲ್ಲಿ ಯಾರು ಒಂಬತ್ತು ಒತ್ತಿದರೂ ಅದನ್ನು ಅರ್ಕಾವತ್ತೆಂದು ತಿಳಿದು ಒಳಗೆ ಬಿಡಬೇಕು.

ಮತ್ತೆ ಮೇಡಂ ಮನೆಗೆ ಹೋದೆವು. ಅವರು ಕನ್ನಡಕ ಏರಿಸಿ, ಕಂಪ್ಯೂಟರಿನ ಮುಂದೆ ಕೂತು ತಮ್ಮ ಹೆಸರಿನ ಒಂದೊಂದೇ ಅಕ್ಷರ ಒತ್ತಿದರು. ‘ಣ’ ಆದ ಮೇಲೆ, ನಮ್ಮ ಕಡೆ ಒಮ್ಮೆ ದುರುಗುಟ್ಟಿ ನೋಡಿ, ಒಂಬತ್ತನ್ನೇ ಒತ್ತಿದರು. ಕಟ್ಟೆ ತೆರೆದುಕೊಂಡಿತು.

ಮೌನವ್ರತದ ಮಾತು ಬರೆದವರನ್ನು ಅವರು ಹುಡುಕಿ ಹಿಡಿದರು. ಸೆರಗು ಸಿಕ್ಕಿಸಿಕೊಂಡು ಕುಟ್ಟತೊಡಗಿದರು. ತುಟಿಗಳು ಅದುರುತ್ತಿದ್ದವು, ಹುಬ್ಬು ಏರಿಳಿಯುತ್ತಿತ್ತು; ನಾವು ಎದ್ದದ್ದೂ ಅವರಿಗೆ ತಿಳಿಯಲಿಲ್ಲ. ಚಪ್ಪಲಿ ಮೆಟ್ಟಿ ಗೇಟು ದಾಟಿದರೂ ಕೀಲಿಗಳ ಸದ್ದು ಬೆನ್ನಿಗೇ ಬರುತ್ತಿತ್ತು. ಬೀದಿಯಲ್ಲಿ ಹೋಗುತ್ತಿದ್ದ ಹೂವಿನವಳು ಬುಟ್ಟಿ ಹಿಡಿದು ನಿಂತು, ಆ ಕಿಟಕಿಯ ಕಡೆಗೆ ತಲೆಯೆತ್ತಿದಳು.